ನಿಮಗಿದು ಗೊತ್ತೇ? ಸತ್ತಿದ್ದು ವೈರು, ಹೆಡ್‌ಫೋನ್ ಅಲ್ಲ

ಒಂದೇ ಕಿವಿಯಲ್ಲಿ ಹಾಡು ಬರುತ್ತಿದೆ ಅಂತ ಹೆಡ್‌ಫೋನನ್ನು ಡ್ರಾಯರಿಗೆ ಎಸೆದಿದ್ದೀರಾ? ಬಹಳ ಸಲ ಕೆಟ್ಟಿರುವುದು ಜ್ಯಾಕಿನ ಬುಡದಲ್ಲಿ ದಿನಾ ಬಾಗಿ ಬಾಗಿ ಸವೆದ ಎರಡಂಗುಲ ವೈರು ಮಾತ್ರ. ಒಳಗಿನ ಕಾಯಿಲ್, ಆಯಸ್ಕಾಂತ, ತೆಳು ಪರದೆ (ಇವು ಕೂಡಿದ್ದೇ ಡ್ರೈವರ್) ಗಟ್ಟಿಮುಟ್ಟಾಗಿಯೇ ಇರುತ್ತವೆ. ಅದಕ್ಕೊಂದು ಬ್ಲೂಟೂತ್ ಬೋರ್ಡು, ಪುಟ್ಟ ಬ್ಯಾಟರಿ ಕೂಡಿಸಿದರೆ ವೈರಿನ ಹಂಗೇ ಇಲ್ಲ.

ಅನುಮಾನವಿದ್ದರೆ 1.5 ವೋಲ್ಟಿನ ಗಡಿಯಾರದ ಸೆಲ್ ತನ್ನಿ. ಡ್ರೈವರಿನ ಎರಡು ತುದಿಗೆ ಒಂದು ಕ್ಷಣ ಮುಟ್ಟಿಸಿ. ‘ಟಕ್’ ಎಂದರೆ ಜೀವ ಇದೆ.

ಜ್ಯಾಕಿನ ತುದಿ ಎಡಗಿವಿಗೆ, ನಡುವಿನ ಉಂಗುರ ಬಲಗಿವಿಗೆ, ಬುಡ ಎರಡಕ್ಕೂ ಸೇರಿದ ಗ್ರೌಂಡಿಗೆ. ನಮ್ಮ 3.5 ಮಿ.ಮೀ. ಜ್ಯಾಕಿನ ಅಣ್ಣ 6.35 ಮಿ.ಮೀ. ಜ್ಯಾಕು. ಅದು ಹುಟ್ಟಿದ್ದು 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಆಪರೇಟರುಗಳ ಕೈಯಲ್ಲಿ. ಎಲೆಕ್ಟ್ರಿಕ್ ಗಿಟಾರು ಇಂದಿಗೂ ಅಣ್ಣನನ್ನು ಬಿಟ್ಟಿಲ್ಲ.

ವೈರು ಸೀಳಿದರೆ ಸಾಮಾನ್ಯವಾಗಿ ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣದ್ದು ಗ್ರೌಂಡು. ಆ ಬಣ್ಣವೇ ಒಂದು ಮೋಸ. ನೋಡಲು ಬರೀ ತಾಮ್ರ, ಮುಟ್ಟಿದರೂ ಬರೀ ತಾಮ್ರ. ಆದರೆ ಪ್ರತಿ ಎಳೆಯ ಮೈಮೇಲೂ ಎನಾಮಲ್ ಲೇಪ ಇರುತ್ತದೆ. ಇದು ಗೊತ್ತಿಲ್ಲದೆ ನಾನು ಮೊದಲ ಸಲ ಒಂದು ಮಧ್ಯಾಹ್ನವಿಡೀ ಕೂತಿದ್ದೆ; ಸಾಲ್ಡರು ಕೆಸುವಿನ ಎಲೆ ಮೇಲಿನ ನೀರಿನಂತೆ ಉರುಳಿ ಉರುಳಿ ಬೀಳುತ್ತಿತ್ತು. ಸಾಲ್ಡರಿಂಗ್ ಐರನ್ನಿನ ತುದಿಯಲ್ಲಿ ಹೊಸ ಸಾಲ್ಡರಿನ ಒಂದು ಹನಿ ನಿಲ್ಲಿಸಿ, ಎಳೆಯನ್ನು ಅದರೊಳಗೆ ಅದ್ದಿ ಹಿಡಿಯಬೇಕು. ಸಣ್ಣಗೆ ಹೊಗೆ ಏಳುತ್ತದೆ, ಲೇಪ ಸುಟ್ಟು ಎಳೆ ಬೆಳ್ಳಿಯಂತೆ ಹೊಳೆಯುತ್ತದೆ. ಆಮೇಲೆ ಹೇಳಿದ ಕಡೆ ಅಂಟುತ್ತದೆ. ಕಿಟಕಿ ತೆಗೆದಿರಲಿ. ಎಳೆಗಳ ನಡುವೆ ದಾರ ಕಂಡರೆ ಗಾಬರಿ ಬೇಡ, ವೈರು ಜಗ್ಗಿದರೆ ಹರಿಯದಿರಲಿ ಎಂದು ಹಾಕಿದ್ದು.

ಕೆಲವು ಬ್ಲೂಟೂತ್ ಬೋರ್ಡುಗಳಲ್ಲಿ ಎಡಬಲ ಎರಡಕ್ಕೂ ಸೇರಿದ ಗ್ರೌಂಡೇ ಇರುವುದಿಲ್ಲ. ಎಡಕ್ಕೊಂದು ಜೋಡಿ, ಬಲಕ್ಕೊಂದು ಜೋಡಿ. ಎರಡರ ಮೈನಸ್ಸನ್ನು ಗಂಟು ಹಾಕಿದಿರೋ, ಬೋರ್ಡು ಕೈಕೊಡಬಹುದು. ಕೊಳ್ಳುವಾಗಲೇ ಕೇಳಿ. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡಿನಲ್ಲಿ ಬೋರ್ಡು, ಬ್ಯಾಟರಿ, ಸಾಲ್ಡರು ಎಲ್ಲ ಒಂದೇ ಸುತ್ತಿಗೆ ಸಿಗುತ್ತವೆ. (ಎಸ್.ಪಿ. ಎಂದರೆ ಸಾದರ ಪತ್ರಪ್ಪ. ಪೊಲೀಸ್ ಸಾಹೇಬರಲ್ಲ!)

ಇನ್ನು ಬ್ಯಾಟರಿ. ಲಿಥಿಯಂ ಪಾಲಿಮರ್ ಸೆಲ್ಲಿನ ಮೈಮೇಲೆ 3.7 ವೋಲ್ಟ್ ಎಂದಿದ್ದರೂ ಹೊಟ್ಟೆ ತುಂಬಿದಾಗ ಅದು 4.2. ಅಂಗಡಿಯಲ್ಲಿ ಸಿಗುವ ಟಿಪಿ4056 ಚಾರ್ಜಿಂಗ್ ಬೋರ್ಡು ಸಾಮಾನ್ಯವಾಗಿ 1 ಆಂಪಿಯರ್ ಕರೆಂಟು ಸುರಿಯುತ್ತದೆ. 200 ಎಂಎಎಚ್ ಮರಿ ಬ್ಯಾಟರಿಗೆ ಅದು ಕೂಸಿನ ಬಾಯಿಗೆ ಕೊಡ ಬಗ್ಗಿಸಿದ ಹಾಗೆ. ಬೋರ್ಡಿನ 1.2 ಕಿಲೋ ಓಮ್ ರೆಸಿಸ್ಟರ್ ಕಿತ್ತು 10 ಕಿಲೋ ಓಮಿನದು ಕೂರಿಸಿದರೆ ಕರೆಂಟು ಸುಮಾರು 130 ಮಿಲಿ ಆಂಪಿಯರಿಗೆ ಇಳಿಯುತ್ತದೆ. ಕಿವಿಯ ಪಕ್ಕ ಇಡುವ ವಸ್ತು. ಊದಿದ ಸೆಲ್ಲು, ಸುಲಿದ ಸೆಲ್ಲು ಎರಡೂ ಬೇಡ.

ಅಂದಹಾಗೆ, ಬ್ಲೂಟೂತ್ ಎಂಬುದು 10ನೇ ಶತಮಾನದ ಡೆನ್ಮಾರ್ಕಿನ ರಾಜ ಹರಾಲ್ಡನ ಅಡ್ಡಹೆಸರು. 1997ರಲ್ಲಿ ಇಂಟೆಲ್‌ನ ಜಿಮ್ ಕಾರ್ಡಾಕ್ ಈ ತಂತ್ರಜ್ಞಾನಕ್ಕೆ ಆ ಹೆಸರು ಸೂಚಿಸಿದರು. ನಿಮ್ಮ ಫೋನಿನ ಬ್ಲೂಟೂತ್ ಚಿಹ್ನೆ ರಾಜನ ಹೆಸರಿನ, ಹಳೆಯ ರೂನ್ ಲಿಪಿಯ ಎರಡು ಅಕ್ಷರಗಳ ಬೆಸುಗೆ.

ಬ್ಲೂಟೂತಿನ ಹಾಡು ಗಾಳಿಯಲ್ಲಿ ನೆಟ್ಟಗೆ ಬರುವುದಿಲ್ಲ. 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲದವರೆಗೂ ಕುಪ್ಪಳಿಸುತ್ತ ಬರುತ್ತದೆ. ಇಂಥ ಕುಪ್ಪಳಿಕೆಗೆ 1942ರಲ್ಲೇ ಪೇಟೆಂಟ್ ಪಡೆದವರಲ್ಲಿ ಒಬ್ಬರು ಹಾಲಿವುಡ್ ತಾರೆ ಹೆಡಿ ಲಮಾರ್, ಇನ್ನೊಬ್ಬರು ಸಂಗೀತಗಾರ ಜಾರ್ಜ್ ಆಂಥೈಲ್. ಅವರ ಲೆಕ್ಕದಲ್ಲಿ 88 ತರಂಗಾಂತರ. ಪಿಯಾನೋದಲ್ಲೂ ಮನೆಗಳು 88!

ಫೋನು ಹಿಂದಿನ ಜೇಬಿನಲ್ಲಿದ್ದಾಗ ಹಾಡು ತುಂಡಾಗುತ್ತದೆಯೇ? ನೀವೇ ಅಡ್ಡ ಬಂದಿದ್ದೀರಿ. 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಹೀರುತ್ತದೆ, ನಮ್ಮ ಮೈಯಲ್ಲಿ ಇರುವುದು ಹೆಚ್ಚಾಗಿ ನೀರೇ. ಬೋರ್ಡಿನ ಅಂಕುಡೊಂಕು ಆಂಟೆನಾ ಗೆರೆಯ ಮೇಲೆ ಬ್ಯಾಟರಿ ಕೂರಿಸಿದರೂ ಇದೇ ಗತಿ.

ಸಾಲ್ಡರ್ ಹಿಡಿಯಲು ಕೈ ನಡುಗುವವರಿಗೆ: ಸವೆದ ವೈರನ್ನು ಅರ್ಧ ಅಡಿಗೆ ಕತ್ತರಿಸಿ, ರಿಪೇರಿ ಅಂಗಡಿಯಲ್ಲಿ ಹೊಸ ಜ್ಯಾಕ್ ಹಾಕಿಸಿ. ಬೆರಳುದ್ದದ ಬ್ಲೂಟೂತ್ ರಿಸೀವರಿಗೆ ಚುಚ್ಚಿ ಕಾಲರಿಗೆ ಸಿಕ್ಕಿಸಿಕೊಂಡರೆ ಆಯಿತು. ಹೆಡ್‌ಫೋನ್ ಬಿಚ್ಚುವ ಕೆಲಸವೇ ಇಲ್ಲ.