ಬದಲಾವಣೆಯ ವರ್ಷಗಳ ಹೊರೆ ಯಾರ ಹೆಗಲಿಗೆ?
(ಸಂತ ಇಸಿದೋರರ ಹಬ್ಬದ ಚಿಂತನೆ)



ಮೇ 15 ರೈತರ ಪಾಲಕ ಸಂತರಾದ ಇಸಿದೋರರ ಹಬ್ಬ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ನಮ್ಮ ಕುಟುಂಬಗಳಿಗೆ ಈ ಹಬ್ಬ ಸರಿಯಾದ ಹೊತ್ತಿಗೇ ಬರುತ್ತದೆ. ಹೊಲ ಹರಗಿ ಹದ ಮಾಡುವ ಕೆಲಸ ನಡೆದಿರುತ್ತದೆ. ಮುಂಗಾರಿನ ದಾರಿ ಕಾಯುತ್ತಿರುತ್ತೇವೆ. ಬೀಜ, ಗೊಬ್ಬರಕ್ಕೆ ದುಡ್ಡು ಎಲ್ಲಿಂದ ತರುವುದು ಎಂಬ ಲೆಕ್ಕ ಮನೆಮನೆಯಲ್ಲಿ ನಡೆದಿರುತ್ತದೆ. ಇಸಿದೋರರು ಸ್ಪೇನ್ ದೇಶದ ಮಾದ್ರಿದ್ ಬಳಿ ಬೇರೆಯವರ ಹೊಲದಲ್ಲಿ ದುಡಿದ ಕೂಲಿಯಾಳು. 1622ರಲ್ಲಿ ಸಂತ ಇಗ್ನೇಷಿಯಸ್, ಸಂತ ಫ್ರಾನ್ಸಿಸ್ ಝೇವಿಯರ್ ಅವರಂಥ ದೊಡ್ಡವರ ಜೊತೆಯಲ್ಲೇ ಈ ಕೂಲಿಯಾಳನ್ನೂ ಧರ್ಮಸಭೆ ಸಂತರೆಂದು ಸಾರಿತು. ಆದ್ದರಿಂದ ಈ ದಿನ ಹೊಲದ ಮಾತನ್ನೇ ಆಡೋಣ.

ರಾಸಾಯನಿಕ ಬಿಡಿ, ಭೂಮಿ ಉಳಿಸಿ ಎಂದು ಇಂದು ಎಲ್ಲರೂ ರೈತನಿಗೆ ಹೇಳುತ್ತಾರೆ. ಮಾತು ಸರಿಯೇ. ಆದರೆ ಬಿಟ್ಟ ಮೊದಲ ಎರಡು ಮೂರು ವರ್ಷ ಇಳುವರಿ ಕಡಿಮೆಯಾದರೆ ಮಕ್ಕಳ ಶಾಲೆಯ ಫೀ, ಸೊಸೈಟಿಯ ಸಾಲದ ಕಂತು ಯಾರು ಕಟ್ಟುತ್ತಾರೆ? ಈ ಪ್ರಶ್ನೆಗೆ ಉತ್ತರ ಕೊಡದೆ ಉಪದೇಶ ಮಾಡುವುದು ನ್ಯಾಯವಲ್ಲ.

ಪವಿತ್ರ ಬೈಬಲ್ ಈ ಪ್ರಶ್ನೆಯನ್ನು ಮುಚ್ಚಿಡುವುದಿಲ್ಲ. ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಏಳನೆಯ ವರ್ಷ ಭೂಮಿಗೆ ವಿಶ್ರಾಂತಿ ಕೊಡಬೇಕೆಂಬ ಕಟ್ಟಳೆ ಇದೆ. ಅದೇ ಅಧ್ಯಾಯದಲ್ಲಿ, ಹಾಗಾದರೆ ಆ ವರ್ಷ ಏನು ಉಣ್ಣಬೇಕು ಎಂಬ ಜನರ ಚಿಂತೆಯೂ ಇದೆ, ಅದಕ್ಕೆ ದೇವರ ಭರವಸೆಯೂ ಇದೆ. ಭೂಮಿಯ ವಿಶ್ರಾಂತಿಯ ಮಾತೂ ಹೊಟ್ಟೆಯ ಮಾತೂ ಅಲ್ಲಿ ಒಟ್ಟಿಗೇ ಬರುತ್ತವೆ.

ಪರಿಸರ ಆಧಾರಿತ ಕೃಷಿ ಎಂದರೇನು?

ಇಂಗ್ಲಿಷಿನಲ್ಲಿ ಇದನ್ನು ಅಗ್ರೋಇಕಾಲಜಿ ಎನ್ನುತ್ತಾರೆ. ಹೊಲವನ್ನು ಕಾರ್ಖಾನೆಯಂತೆ ನೋಡದೆ ಜೀವವಿರುವ ಒಂದು ಮನೆತನದಂತೆ ನೋಡುವುದೇ ಇದರ ಸಾರ. ಮಣ್ಣು, ಎರೆಹುಳು, ದನ, ಗಿಡ, ಹಕ್ಕಿ, ಮಳೆನೀರು, ದುಡಿಯುವ ಮನುಷ್ಯ, ಉಣ್ಣುವ ಮನುಷ್ಯ, ಎಲ್ಲರೂ ಈ ಮನೆತನದವರು. ಒಬ್ಬರನ್ನು ಹೊರಗೆ ಹಾಕಿದರೆ ಇನ್ನೊಬ್ಬರಿಗೆ ಪೆಟ್ಟು ಬೀಳುತ್ತದೆ.

ನಮ್ಮ ಭಾಗದ ಉದಾಹರಣೆಯನ್ನೇ ನೋಡಿ. ಹಿಂಗಾರಿ ಜೋಳ ನಮಗೆ ರೊಟ್ಟಿ ಕೊಡುತ್ತಿತ್ತು, ದನಗಳಿಗೆ ಕಣಿಕೆ ಕೊಡುತ್ತಿತ್ತು. ಜೋಳ ಕಡಿಮೆಯಾದಂತೆ ಕಣಿಕೆ ಹೋಯಿತು. ಕಣಿಕೆ ಹೋದಂತೆ ದನ ಹೋದವು. ದನ ಹೋದ ಮೇಲೆ ತಿಪ್ಪೆ ಬರಿದಾಯಿತು. ಆಮೇಲೆ ಅಂಗಡಿಯ ಚೀಲದ ಗೊಬ್ಬರವೇ ಗತಿಯಾಯಿತು. ಇದರಲ್ಲಿ ಒಬ್ಬ ರೈತನ ತಪ್ಪು ಎಂಬುದಿಲ್ಲ. ಪೇಟೆ ಏನು ಕೇಳಿತೋ ಅದನ್ನು ಆತ ಬೆಳೆದ.

ನಾಲ್ಕು ತಾಲ್ಲೂಕು, ಒಂದೇ ಮದ್ದು ಸಾಲದು

ನಮ್ಮ ನಾಲ್ಕು ತಾಲ್ಲೂಕುಗಳ ನೆಲ ಒಂದೇ ತರಹದ್ದಲ್ಲ. ಬೈಲಹೊಂಗಲ, ಹಾಗೂ ಮೊದಲು ಅದರಲ್ಲೇ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಿತ್ತೂರು, ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಉತ್ತರ ಸಂಕ್ರಮಣ ವಲಯದಲ್ಲಿವೆ. ಸೋಯಾಬೀನ್, ಕಬ್ಬು, ಹತ್ತಿ, ಕಡಲೆ ಇಲ್ಲಿಯ ಬೆಳೆಗಳು. ಸವದತ್ತಿ, ರಾಮದುರ್ಗ ಉತ್ತರ ಒಣವಲಯಕ್ಕೆ ಸೇರಿವೆ. ಅಲ್ಲಿಯ ಎರೆ ಭೂಮಿಯಲ್ಲಿ ಹಿಂಗಾರಿ ಬೆಳೆ ಮಣ್ಣಿನೊಳಗೆ ಉಳಿದ ತೇವದಲ್ಲೇ ಬದುಕಬೇಕು. ನಾಲ್ಕೂ ತಾಲ್ಲೂಕುಗಳಿಗೆ ಮಲಪ್ರಭೆಯ ನಂಟಿದೆ. ಆದರೆ ಅದೇ ಮಲಪ್ರಭೆ 2019ರ ಆಗಸ್ಟ್‌ನಲ್ಲಿ ಉಕ್ಕಿ ಬಂದು ರಾಮದುರ್ಗದ ಕಡೆ ಮನೆ ಹೊಲಗಳನ್ನು ಮುಳುಗಿಸಿತು. 2023ರಲ್ಲಿ ಮಳೆಯೇ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಇಂಥ ಹವಾಮಾನದಲ್ಲಿ ಒಂದೇ ಬೆಳೆಯನ್ನು ನಂಬಿದವನು ಒಂದೇ ಕಂಬದ ಮೇಲೆ ಮಾಳಿಗೆ ಕಟ್ಟಿದಂತೆ.

ಮಲಪ್ರಭೆ ಕಲಿಸಿದ ಪಾಠ

ಕೃಷಿಯಲ್ಲಿ ದೊಡ್ಡ ಬದಲಾವಣೆ ನಮ್ಮ ಭಾಗಕ್ಕೆ ಹೊಸದಲ್ಲ. 1970ರ ದಶಕದ ಆರಂಭದಲ್ಲಿ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭಾ ಅಣೆಕಟ್ಟು ಎದ್ದಿತು. ಅದೇ ಹೊತ್ತಿಗೆ, 1972ರಲ್ಲಿ, ಧಾರವಾಡದ ವಿಜ್ಞಾನಿ ಡಾ. ಬಿ. ಎಚ್. ಕಟರಕಿ ಅವರು ವರಲಕ್ಷ್ಮಿ ಎಂಬ ಉದ್ದ ಎಳೆಯ ಸಂಕರಣ ಹತ್ತಿಯನ್ನು ಹೊರತಂದರು. ನೀರು ಬಂತು, ಬೀಜ ಬಂತು, ಆಸೆಯೂ ಬಂತು. ಅದರ ಹಿಂದೆಯೇ ಗೊಬ್ಬರದ ಖರ್ಚು, ಔಷಧದ ಖರ್ಚು, ಸಾಲ ಬಂದವು. ಎರೆ ಭೂಮಿಯಲ್ಲಿ ಬಸಿಗಾಲುವೆ ಇಲ್ಲದೆ ನೀರು ನಿಂತ ಕಡೆ ಹೊಲಗಳು ಸವಳು-ಜವಳಾದವು. ಹತ್ತಿಯ ಬೆಲೆ ಕುಸಿಯಿತು. ಇದರ ಮೇಲೆ ನೀರಾವರಿಯ ಅಭಿವೃದ್ಧಿ ಕರ ಕಟ್ಟಿ ಎಂದು ಸರ್ಕಾರ ಕೇಳಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಸಿಟ್ಟು ಸಿಡಿದು ಗೋಲಿಬಾರ್ ನಡೆದು ಪ್ರಾಣಗಳು ಹೋದವು. ಆ ಹೋರಾಟದ ಬಿಸಿಯಲ್ಲೇ ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಜುಲೈ 21ನ್ನು ಇಂದಿಗೂ ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ.

ಇದರ ಪಾಠವೇನು? ಒಳ್ಳೆಯ ಸಂಶೋಧನೆ ಇದ್ದರೂ ಬೆಲೆಯ ಆಸರೆ, ಕಾನೂನಿನ ಆಸರೆ, ರೈತರ ಮಾತು ಕೇಳುವ ಕಿವಿ ಜೊತೆಗಿಲ್ಲದಿದ್ದರೆ ಬದಲಾವಣೆಯ ಹೊರೆಯೆಲ್ಲ ರೈತನ ಹೆಗಲಿಗೇ ಬೀಳುತ್ತದೆ. ರಾಸಾಯನಿಕದಿಂದ ಹೊರಬರುವ ಈಗಿನ ಬದಲಾವಣೆಯಲ್ಲಿ ಅದು ಮತ್ತೆ ಆಗಬಾರದು.

ಆತುರವೂ ಅಪಾಯವೇ. ಶ್ರೀಲಂಕಾ ಸರ್ಕಾರ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿತು. ರೈತರಿಗೆ ತರಬೇತಿ ಇರಲಿಲ್ಲ, ಬದಲಿ ಗೊಬ್ಬರ ಸಾಕಷ್ಟು ಇರಲಿಲ್ಲ. ಭತ್ತದ ಇಳುವರಿ ಬಿದ್ದು, ಅದೇ ವರ್ಷದ ನವೆಂಬರ್ ಹೊತ್ತಿಗೆ ಆಜ್ಞೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಆದ್ದರಿಂದ ಈ ದಾರಿಗೆ ಮೂರು ಆಸರೆ ಬೇಕು ಎನ್ನುತ್ತೇವೆ: ಸಂಶೋಧನೆ, ಸಂಘ, ಸರ್ಕಾರದ ನೀತಿ.

1. ಸಂಶೋಧನೆ ಹೊಲಕ್ಕೆ ಬರಬೇಕು

ಮೊದಲ ವರ್ಷಗಳಲ್ಲಿ ಇಳುವರಿ ಏಕೆ ಇಳಿಯುತ್ತದೆ? ಚೀಲದ ಗೊಬ್ಬರ ಬೆಳೆಗೆ ಸಾರಜನಕವನ್ನು ಕೂಡಲೇ ಕೊಡುತ್ತದೆ. ತಿಪ್ಪೆ ಗೊಬ್ಬರ ಮಣ್ಣಿನ ಸೂಕ್ಷ್ಮಜೀವಿಗಳ ಕೈಯಲ್ಲಿ ಕರಗಿ ನಿಧಾನವಾಗಿ ಕೊಡುತ್ತದೆ. ಬಹುಕಾಲ ಬಡವಾಗಿದ್ದ ಮಣ್ಣಿನಲ್ಲಿ ಆ ಜೀವಿಗಳು ಮತ್ತೆ ಹೆಚ್ಚಬೇಕು. ಕೀಡೆಗಳನ್ನು ತಿನ್ನುವ ಜೇಡ, ಗುಲಗಂಜಿ ಹುಳ, ಹಕ್ಕಿಗಳೂ ಹೊಲಕ್ಕೆ ಮರಳಬೇಕು. ಅದಕ್ಕೆ ಕೆಲವು ಹಂಗಾಮುಗಳೇ ಬೇಕು.

ಈ ನಷ್ಟವನ್ನು ಕಡಿಮೆ ಮಾಡುವ ತಿಳಿವಳಿಕೆ ನಮ್ಮ ಹತ್ತಿರದಲ್ಲೇ ಇದೆ. 1986ರಲ್ಲಿ ಆರಂಭವಾದ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಸಾವಯವ ಕೃಷಿಗೆಂದೇ ಒಂದು ಸಂಸ್ಥೆ ಇದೆ. ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದಲ್ಲಿ ಕೆಎಲ್ಇ ಕೃಷಿ ವಿಜ್ಞಾನ ಕೇಂದ್ರವಿದೆ. ಸೋಯಾ ಎಲೆ ತಿನ್ನುವ ಕೀಡೆಗೆ ರೋಗ ತರುವ ನೊಮೂರಿಯಾ ಎಂಬ ಶಿಲೀಂಧ್ರವನ್ನು ಧಾರವಾಡದ ವಿಜ್ಞಾನಿಗಳು ರೈತರಿಗೆ ಪರಿಚಯಿಸಿದ್ದಾರೆ. ಒಣಭೂಮಿಯಲ್ಲಿ ಮಳೆನೀರನ್ನು ಅಲ್ಲಲ್ಲೇ ಇಂಗಿಸುವ ಚೌಕುಮಡಿ, ಮುಂಗಾರಿನಲ್ಲಿ ಹೆಸರು ಬೆಳೆದು ಹಿಂಗಾರಿಗೆ ಜೋಳ ಬಿತ್ತುವ ಪದ್ಧತಿ, ಹಸಿರೆಲೆ ಗೊಬ್ಬರಕ್ಕೆ ಸೆಣಬು, ನೂರು ಲೀಟರ್ ನೀರಿಗೆ ಐದು ಕಿಲೋ ಬೇವಿನ ಬೀಜದ ಕಷಾಯ, ಇವೆಲ್ಲ ಪರೀಕ್ಷೆಗೆ ನಿಂತ ವಿಷಯಗಳು.

ಆದರೆ ಸಂಶೋಧನೆ ಕೃಷಿ ಮೇಳದ ಮಳಿಗೆಯಲ್ಲೇ ನಿಂತರೆ ಸಾಲದು. ಕಿತ್ತೂರಿನ ಹೊಲಕ್ಕೆ ಹೊಂದಿದ್ದು ರಾಮದುರ್ಗದ ಹೊಲಕ್ಕೆ ಹೊಂದಬೇಕೆಂದಿಲ್ಲ. ರೈತನೇ ತನ್ನ ಹೊಲದ ಒಂದು ಪಟ್ಟಿಯಲ್ಲಿ ಹೊಸ ಪದ್ಧತಿ, ಪಕ್ಕದ ಪಟ್ಟಿಯಲ್ಲಿ ಹಳೆ ಪದ್ಧತಿ ಮಾಡಿ, ಖರ್ಚು ಇಳುವರಿ ಎರಡನ್ನೂ ಬರೆದಿಟ್ಟು ನೋಡಬೇಕು. ಧರ್ಮಸಭೆಯ ಸೇವಾ ಸಂಸ್ಥೆಯಾದ ಕಾರಿತಾಸ್ 2011ರಿಂದ ಮಧ್ಯಪ್ರದೇಶ, ನೇಪಾಳ, ಬಾಂಗ್ಲಾದೇಶಗಳ ಸಣ್ಣ ರೈತರ ನಡುವೆ ಇಂಥದೇ ಕೆಲಸ ಕೈಗೊಂಡಿತು. ಏನನ್ನು ಪರೀಕ್ಷಿಸಬೇಕೆಂದು ಅಲ್ಲಿ ರೈತರೂ ಕೂಡಿ ತೀರ್ಮಾನಿಸುತ್ತಿದ್ದರು.

2. ಒಬ್ಬನೇ ಅಲ್ಲ, ಸಂಘವಾಗಿ

ಊರಿಗೆಲ್ಲ ಒಬ್ಬನೇ ಔಷಧ ಹೊಡೆಯದಿದ್ದರೆ ಅವನನ್ನು ನೋಡಿ ನಗುವವರೇ ಹೆಚ್ಚು. ಐದು ಜನ ಕೂಡಿದರೆ ಧೈರ್ಯ ಬರುತ್ತದೆ. ಪಿಜಿಎಸ್ ಇಂಡಿಯಾ ಎಂಬ ಸಾವಯವ ದೃಢೀಕರಣ ಪದ್ಧತಿ ಇದೇ ತತ್ವದ ಮೇಲೆ ನಿಂತಿದೆ. ಕನಿಷ್ಠ ಐದು ರೈತರು ಗುಂಪಾಗಿ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತರಿ ಕೊಡುತ್ತಾರೆ. ದೊಡ್ಡ ಕಂಪನಿಗೆ ಫೀ ಕಟ್ಟಬೇಕಾಗಿಲ್ಲ.

ನೆರೆಯ ಆಂಧ್ರಪ್ರದೇಶದಲ್ಲಿ 2016ರಲ್ಲಿ ಆರಂಭವಾದ ನೈಸರ್ಗಿಕ ಕೃಷಿ ಕಾರ್ಯಕ್ರಮ ಮಹಿಳಾ ಸ್ವಸಹಾಯ ಸಂಘಗಳ ಮೂಲಕ ಹಳ್ಳಿಹಳ್ಳಿಗೆ ಹೋಯಿತು. ಕಲಿಸುವವರೂ ಅನುಭವವುಳ್ಳ ರೈತರೇ. 2024ರಲ್ಲಿ ಪೋರ್ಚುಗಲ್ಲಿನ ಗುಲ್ಬೆಂಕಿಯನ್ ಪ್ರಶಸ್ತಿ ಹಂಚಿಕೊಂಡವರಲ್ಲಿ ಈ ಕಾರ್ಯಕ್ರಮವೂ ಒಂದು. ನಮ್ಮ ರಾಜ್ಯದಲ್ಲಿ ಸಹಜ ಸಮೃದ್ಧದಂಥ ಬಳಗಗಳು ದೇಸಿ ಬೀಜಗಳನ್ನು ಉಳಿಸಿ ಹಂಚುವ ಕೆಲಸ ಮಾಡುತ್ತಾ ಬಂದಿವೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಳೆನಾಶಕ ಬಿಟ್ಟರೆ ಕಳೆ ತೆಗೆಯುವ ಕೆಲಸ ಬಹುಪಾಲು ಹೆಣ್ಣುಮಕ್ಕಳ ಬೆನ್ನಿಗೆ ಬೀಳುತ್ತದೆ. ಭೂಮಿಗೆ ವಿಶ್ರಾಂತಿ ಕೊಡುವ ನೆಪದಲ್ಲಿ ಅಕ್ಕತಂಗಿಯರ ವಿಶ್ರಾಂತಿ ಕಸಿದುಕೊಳ್ಳಬಾರದು. ಎಡೆಕುಂಟೆ, ಸಣ್ಣ ಯಂತ್ರಗಳನ್ನು ಸಂಘದಿಂದ ಕೊಂಡು ಹಂಚಿ ಬಳಸಬಹುದು. ಕೂಲಿಗೆ ಬಂದವರಿಗೆ ನ್ಯಾಯವಾದ ಕೂಲಿ ಕೊಡಲೇಬೇಕು. ಇಸಿದೋರರೂ ಕೂಲಿಯವರೇ ಎಂಬುದನ್ನು ಮರೆಯದಿರೋಣ.

3. ನೀತಿ ರೈತನ ಪರವಾಗಿರಬೇಕು

45 ಕಿಲೋ ಯೂರಿಯಾ ಚೀಲ ರೈತನಿಗೆ ಸುಮಾರು 266 ರೂಪಾಯಿಗೆ ಸಿಗುತ್ತದೆ. ಅದರ ನಿಜವಾದ ಬೆಲೆ ಹಲವು ಪಟ್ಟು ಹೆಚ್ಚು. ಉಳಿದದ್ದನ್ನು ಕೇಂದ್ರ ಸರ್ಕಾರ ತುಂಬುತ್ತದೆ. ಒಂದು ಗಾಡಿ ತಿಪ್ಪೆ ಗೊಬ್ಬರಕ್ಕೆ ಅಂಥ ಆಸರೆ ಇಲ್ಲ. ಹೀಗಿರುವಾಗ ಬಡ ರೈತ ಯಾವುದನ್ನು ಆರಿಸಿಕೊಂಡಾನು?

ಒಳ್ಳೆಯ ಹೆಜ್ಜೆಗಳೂ ಇವೆ. ಕರ್ನಾಟಕ ಸರ್ಕಾರ 2004ರಲ್ಲೇ ಸಾವಯವ ಕೃಷಿ ನೀತಿಯನ್ನು ತಂದಿತು. 2019-20ರಲ್ಲಿ ಆರಂಭವಾದ ರೈತ ಸಿರಿ ಯೋಜನೆ ಸಿರಿಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಇಟ್ಟಿತು. 2024ರ ನವೆಂಬರ್ 25ರಂದು ಕೇಂದ್ರ ಸರ್ಕಾರ 2,481 ಕೋಟಿ ರೂಪಾಯಿಯ ರಾಷ್ಟ್ರೀಯ ನೈಸರ್ಗಿಕ ಕೃಷಿ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿತು. 15,000 ರೈತ ಗುಂಪುಗಳ ಮೂಲಕ 7.5 ಲಕ್ಷ ಹೆಕ್ಟೇರಿನಲ್ಲಿ ಈ ಕೃಷಿ ಮಾಡಿಸುವುದು, ಜೀವಾಮೃತದಂಥ ಪರಿಕರಗಳನ್ನು ಒದಗಿಸಲು 10,000 ಕೇಂದ್ರ ತೆರೆಯುವುದು ಅದರ ಗುರಿ. ಹೀಗೆ ಗುಂಪುಗಳಿಗೇ ಸಿಗುವ ನೆರವು ಒಂಟಿಯಾಗಿ ಉಳಿದವರಿಗೆ ತಲುಪುವುದು ಕಷ್ಟ. ಇನ್ನೂ ಆಗಬೇಕಾದ್ದು, ಬದಲಾವಣೆಯ ವರ್ಷಗಳ ನಷ್ಟ ತುಂಬುವ ಗಟ್ಟಿ ವ್ಯವಸ್ಥೆ. ದೇಶದ ಸಾವಯವ ನಿಯಮದ ಪ್ರಕಾರ ವಾರ್ಷಿಕ ಬೆಳೆಗಳಿಗೆ ಕನಿಷ್ಠ ಎರಡು ವರ್ಷ ಪರಿವರ್ತನೆಯ ಅವಧಿ. ಅಷ್ಟು ಕಾಲ ರೈತನಿಗೆ ಸಾವಯವದ ಬೆಲೆಯೂ ಪೂರ್ತಿ ಸಿಗುವುದಿಲ್ಲ, ಹಳೆಯ ಇಳುವರಿಯೂ ಇರುವುದಿಲ್ಲ.

ನಮ್ಮ ಧರ್ಮಕೇಂದ್ರಗಳು ಮಾಡಬಹುದಾದ್ದು

ಜಗದ್ಗುರು ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೆ ಕೇಳಬೇಕೆಂದು ನಮಗೆ ಕಲಿಸಿದರು. ಸಣ್ಣ ರೈತರ ಬೆಂಬಲಕ್ಕೆ ಸರ್ಕಾರಗಳು ನಿಲ್ಲಬೇಕೆಂದೂ ಹೇಳಿದರು. ಈ ಮಾತನ್ನು ನಾವು ನಮ್ಮ ಅಳತೆಯಲ್ಲಿ ಹೀಗೆ ನಡೆಸಬಹುದು.

ಐದು ಎಕರೆ ಇರುವ ಕುಟುಂಬ ಐದನ್ನೂ ಒಮ್ಮೆಲೇ ಬದಲಿಸುವುದು ಬೇಡ. ಒಂದು ಎಕರೆಯಿಂದ ತೊಡಗಲಿ. ಮನೆಯ ರೊಟ್ಟಿಯ ಜೋಳ, ಬೇಳೆ, ಕಾಯಿಪಲ್ಲೆ ಅಲ್ಲಿ ಬೆಳೆಯಲಿ. ನಷ್ಟವಾದರೂ ಸಾಲದ ಕಂತಿಗೆ ಕುತ್ತು ಬಾರದು.

ಅಕ್ಕಪಕ್ಕದ ಐದು ಮನೆಗಳು ಗುಂಪಾಗಲಿ, ಬೇರೆ ಧರ್ಮದ ನೆರೆಯವರನ್ನೂ ಕರೆಯಲಿ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ ಹೊಲದಲ್ಲಿ ಕೂಡಿ ಉಣ್ಣುವ ನಾಡಿದು. ಭೂಮಿಯ ಮೇಲಿನ ಪ್ರೀತಿಯಲ್ಲಿ ನಾವು ಯಾರಿಗೂ ಹೊರಗಿನವರಲ್ಲ. ಗುಂಪಿನವರು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೂಡಿ ಹೋಗಿ ಯೋಜನೆಗಳ ವಿವರ ಕೇಳಲಿ, ಮಣ್ಣು ಪರೀಕ್ಷೆ ಮಾಡಿಸಲಿ, ಗ್ರಾಮಸಭೆಯಲ್ಲಿ ಬೇಡಿಕೆ ಬರೆಸಲಿ.

ಹೊಲವಿಲ್ಲದ ನೌಕರಿಯ ಕುಟುಂಬಗಳಿಗೂ ಪಾಲಿದೆ. ಬದಲಾವಣೆಯ ವರ್ಷಗಳಲ್ಲಿರುವ ರೈತರ ಜೋಳ, ಬೇಳೆಯನ್ನು ಚೌಕಾಸಿ ಮಾಡದೆ ಕೊಳ್ಳಲಿ. ಹಬ್ಬದ ಊಟಕ್ಕೆ ಬೇಕಾದ ಧಾನ್ಯವನ್ನು ಧರ್ಮಕೇಂದ್ರಗಳೂ ಅವರಿಂದಲೇ ತರಲಿ. ಪೇಟೆಯ ದರ ಬಿದ್ದ ದಿನ ಇದೇ ಅವರಿಗೆ ನಿಜವಾದ ಬೆಂಬಲ ಬೆಲೆ.

ಪ್ರೀತಿಯ ಕುಟುಂಬಗಳೇ, ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದೇ ಕ್ರಿಸ್ತನ ನಿಯಮವೆಂದು ಸಂತ ಪೌಲರು ಗಲಾತ್ಯದವರಿಗೆ ಕಲಿಸಿದರು. ನಮ್ಮ ರೈತರ ಭಾರಕ್ಕೆ ಈ ಮುಂಗಾರಿನಿಂದಲೇ ಹೆಗಲು ಕೊಡೋಣ. ಸಂತ ಇಸಿದೋರರ ಬೇಡಿಕೆಯಿಂದ ದೇವರು ನಮ್ಮ ಹೊಲಗಳಿಗೆ ಹದವಾದ ಮಳೆಯನ್ನೂ, ದುಡಿಯುವ ಕೈಗಳಿಗೆ ಬಲವನ್ನೂ, ನಮ್ಮ ಮನಸ್ಸುಗಳಿಗೆ ಕೂಡಿ ಬಾಳುವ ಬುದ್ಧಿಯನ್ನೂ ದಯಪಾಲಿಸಲಿ.