ಅಗ್ಗದ ಲೆನ್ಸ್ ಎಂದರೆ ಕೀಳು ಗಾಜೇ?

ಕ್ಯಾಮೆರಾ ಕೊಂಡವರು ಎರಡನೆಯ ಲೆನ್ಸ್ ಕೊಳ್ಳಲು ಹೊರಟಾಗ ಒಂದು ಪ್ರಶ್ನೆ ಎದುರಾಗುತ್ತದೆ. ಕ್ಯಾಮೆರಾ ತಯಾರಿಸಿದ ಕಂಪನಿಯ ಲೆನ್ಸನ್ನೇ ತರಬೇಕೇ, ಇಲ್ಲ ಸಿಗ್ಮಾ, ಟ್ಯಾಮ್ರಾನ್, ಟೋಕಿನಾಗಳಂಥ ಹೊರಗಿನ ಕಂಪನಿಗಳದ್ದು ಸಾಕೇ? ಬೆಲೆಯ ಅಂತರ ಅರ್ಧಕ್ಕಿಂತಲೂ ಹೆಚ್ಚಿರುವುದುಂಟು. ಮದುವೆ ಮುಂಜಿಗಳ ಫೋಟೊ ತೆಗೆದು ಬದುಕುವ ಸ್ಟುಡಿಯೊದವರಿಗೆ ಇದು ಸಣ್ಣ ಮಾತಲ್ಲ. ಅಗ್ಗದ ಲೆನ್ಸಿನ ಗಾಜು ಕೀಳು ಎಂಬ ನಂಬಿಕೆ ಹಳೆಯದು. ಆದರೆ ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ಗಾಜಿನಲ್ಲಿಲ್ಲ; ಲೆನ್ಸ್ ಕ್ಯಾಮೆರಾಕ್ಕೆ ಕೂಡಿಕೊಳ್ಳುವ ಜಾಗದಲ್ಲಿದೆ.

ಹೊರಗಿನ ಕಂಪನಿಗಳು ನಿನ್ನೆ ಮೊನ್ನೆ ಹುಟ್ಟಿದವಲ್ಲ. ಟ್ಯಾಮ್ರಾನ್‌ನ ಮೂಲ ಸಂಸ್ಥೆ ಜಪಾನಿನಲ್ಲಿ ಆರಂಭವಾದದ್ದು 1950ರಲ್ಲಿ. ಮಿಚಿಹಿರೊ ಯಮಾಕಿ ಸಿಗ್ಮಾ ಕಟ್ಟಿದ್ದು 1961ರಲ್ಲಿ. 1957ರಲ್ಲಿ ಟ್ಯಾಮ್ರಾನ್‌ನವರು ತಂದ 'ಟಿ ಮೌಂಟ್' ವ್ಯವಸ್ಥೆಯಲ್ಲಿ ಉಂಗುರವೊಂದನ್ನು ಬದಲಿಸಿದರೆ ಒಂದೇ ಲೆನ್ಸ್ ಹಲವು ಕಂಪನಿಗಳ ಕ್ಯಾಮೆರಾಗಳಿಗೆ ಹೊಂದುತ್ತಿತ್ತು. ಫೋಕಸ್ ಮಾಡುವುದು ಕೈಯ ಕೆಲಸವಾಗಿದ್ದ ಆ ಕಾಲದಲ್ಲಿ ಉಂಗುರ ಸರಿಯಾಗಿ ಕೂತರೆ ಕೆಲಸ ಮುಗಿಯಿತು.

1987ರಲ್ಲಿ ಸ್ಥಿತಿ ಬದಲಾಯಿತು. ಆ ವರ್ಷ ಕ್ಯಾನನ್ ತಂದ ಇಎಫ್ ಮೌಂಟ್‌ನಲ್ಲಿ ಫೋಕಸ್ ಮಾಡುವ ಮೋಟಾರು ಲೆನ್ಸಿನೊಳಗೇ ಇತ್ತು. ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವುದೂ ವಿದ್ಯುತ್ತಿನಿಂದಲೇ. ಕ್ಯಾಮೆರಾ ಮತ್ತು ಲೆನ್ಸ್ ಲೋಹದ ಪುಟ್ಟ ಸಂಪರ್ಕಗಳ ಮೂಲಕ ಸಂಕೇತಗಳಲ್ಲಿ ಮಾತನಾಡತೊಡಗಿದವು. ಆ ಸಂಕೇತಗಳು ಕಂಪನಿಯ ಗುಟ್ಟು. ಹೊರಗಿನವರು ಅವನ್ನು ಪರೀಕ್ಷಿಸಿ, ಊಹಿಸಿ ತಮ್ಮ ಚಿಪ್ ಮಾಡಿಕೊಂಡರು. ಪರಿಣಾಮ ತಿಳಿದದ್ದು 2000ದ ಸುಮಾರಿಗೆ. ಹೊಸ ಕ್ಯಾನನ್ ಕ್ಯಾಮೆರಾಗಳಿಗೆ ಹಾಕಿದಾಗ ಸಿಗ್ಮಾದ ಹಲವು ಹಳೆಯ ಲೆನ್ಸ್‌ಗಳು ಕೆಲಸ ಮಾಡಲಿಲ್ಲ. ಕೆಲವಕ್ಕೆ ಸಿಗ್ಮಾ ಚಿಪ್ ಬದಲಿಸಿ ಕೊಟ್ಟಿತು. ಉಳಿದವುಗಳ ಗಾಜು ಚೆನ್ನಾಗಿದ್ದರೂ ಹೊಸ ಕ್ಯಾಮೆರಾಕ್ಕೆ ಉಪಯೋಗವಾಗಲಿಲ್ಲ. ಸ್ವಂತ ಕಂಪನಿಯ ಲೆನ್ಸಿಗೆ ತೆರುವ ಹೆಚ್ಚಿನ ಬೆಲೆಯಲ್ಲಿ ಇಂಥ ತೊಂದರೆ ಬಾರದೆಂಬ ಭರವಸೆಯ ಪಾಲೂ ಇದೆ.

ಹಾಗಾದರೆ ಹೊರಗಿನವರಿಗೆ ಅಗ್ಗವಾಗಿ ಮಾರಲು ಸಾಧ್ಯವಾಗುವುದು ಹೇಗೆ? ಒಂದೇ ವಿನ್ಯಾಸವನ್ನು ಹಲವು ಮೌಂಟ್‌ಗಳಿಗೆ ಮಾರುವುದರಿಂದ ಅದರ ಖರ್ಚು ಹಂಚಿಹೋಗುತ್ತದೆ. ಕೆಲವು ಅನುಕೂಲಗಳನ್ನು ಬಿಟ್ಟುಕೊಡುವುದು ಇನ್ನೊಂದು ದಾರಿ. ಸೋನಿ 2016ರಲ್ಲಿ ತಂದ 24-70 ಮಿಲಿಮೀಟರ್‌ನ ಜೂಮ್ ಲೆನ್ಸಿನ ಬೆಲೆ ಅಮೆರಿಕದಲ್ಲಿ ಆಗ ಸುಮಾರು 2,200 ಡಾಲರ್ ಇತ್ತು; ತೂಕ 886 ಗ್ರಾಂ. ಅದೇ ಕ್ಯಾಮೆರಾಗಳಿಗೆ ಟ್ಯಾಮ್ರಾನ್ 2018ರಲ್ಲಿ ತಂದ 28-75ರ ಬೆಲೆ ಆಗ ಸುಮಾರು 800 ಡಾಲರ್ ಇತ್ತು; ತೂಕ 550 ಗ್ರಾಂ. ಎರಡೂ ಒಳಬಿಡುವ ಬೆಳಕು ಒಂದೇ, ಎಫ್ 2.8. ಕಳೆದುಕೊಂಡದ್ದು ಅಗಲದ ಕಡೆಯ ನಾಲ್ಕು ಮಿಲಿಮೀಟರ್. ಇಕ್ಕಟ್ಟಾದ ಮಂಟಪದಲ್ಲಿ ಇಡೀ ಬಳಗವನ್ನು ಒಂದೇ ಚಿತ್ರದಲ್ಲಿ ಹಿಡಿಯಬೇಕಾದವರಿಗೆ ಅದು ದೊಡ್ಡ ನಷ್ಟ. ಮುಖಭಾವ ಹಿಡಿಯುವವರಿಗೆ ಅಲ್ಲ.

ಈ ಪೈಪೋಟಿಗೆ ಅವಕಾಶ ಸಿಕ್ಕಿದ್ದು ಸೋನಿ ತನ್ನ ಇ ಮೌಂಟ್‌ನ ಮೂಲ ವಿವರಗಳನ್ನು 2011ರಲ್ಲಿ ಇತರ ತಯಾರಕರಿಗೆ ಶುಲ್ಕವಿಲ್ಲದೆ ತೆರೆದಿಟ್ಟಿದ್ದರಿಂದ. ಕ್ಯಾನನ್ ಹಾಗೆ ಮಾಡಲಿಲ್ಲ. 2018ರಲ್ಲಿ ಬಂದ ಅದರ ಆರ್‌ಎಫ್ ಮೌಂಟ್‌ಗೆ ಪರವಾನಗಿ ಪಡೆದು ಲೆನ್ಸ್ ಮಾಡುವುದಾಗಿ ಸಿಗ್ಮಾ, ಟ್ಯಾಮ್ರಾನ್ ಪ್ರಕಟಿಸಿದ್ದು 2024ರಲ್ಲಿ. ಅದೂ ಚಿಕ್ಕ ಸಂವೇದಕದ ಕ್ಯಾಮೆರಾಗಳಿಗೆ.

ಗುಣಮಟ್ಟದಲ್ಲಿ ಹೊರಗಿನವರು ಯಾವಾಗಲೂ ಹಿಂದೆ ಎನ್ನುವಂತೆಯೂ ಇಲ್ಲ. ಸಿಗ್ಮಾ 2012ರಲ್ಲಿ 899 ಡಾಲರಿಗೆ ತಂದ 35 ಮಿಲಿಮೀಟರ್ ಎಫ್ 1.4 ಲೆನ್ಸ್, ಅದೇ ಅಳತೆಯ ಕ್ಯಾನನ್, ನಿಕಾನ್ ಲೆನ್ಸ್‌ಗಳಿಗಿಂತ ನೂರಾರು ಡಾಲರ್ ಅಗ್ಗವಾಗಿದ್ದೂ ಚಿತ್ರದ ಸ್ಪಷ್ಟತೆಗೆ ಹೆಸರಾಯಿತು. ಮರುವರ್ಷ ಬಂದ ಅದರ ಯುಎಸ್‌ಬಿ ಡಾಕ್ ಎಂಬ ಸಾಧನದಿಂದ ಲೆನ್ಸಿನೊಳಗಿನ ತಂತ್ರಾಂಶವನ್ನು ಗ್ರಾಹಕರೇ ಮನೆಯಲ್ಲಿ ಬದಲಿಸುವಂತಾಯಿತು. ಹಳೆಯ ಚಿಪ್‌ಗಳ ತೊಂದರೆಗೆ ಇದೊಂದು ಉತ್ತರ.

ಆದ್ದರಿಂದ ಕೊಳ್ಳುವವರು ಹೆಸರಿಗಿಂತ ಬೇರೆ ಕೆಲವನ್ನು ನೋಡಬೇಕು. ಕಿಂಡಿ ಪೂರ್ತಿ ತೆರೆದಾಗ ಚಿತ್ರದ ಮೂಲೆಗಳು ಹೇಗೆ ಬರುತ್ತವೆ? ಮಂದ ಬೆಳಕಿನಲ್ಲಿ ಫೋಕಸ್ ತಡಕಾಡುತ್ತದೆಯೇ? ತಂತ್ರಾಂಶ ಬದಲಿಸುವ ಅನುಕೂಲವಿದೆಯೇ? ರಿಪೇರಿ ಹತ್ತಿರದಲ್ಲಿ ಆಗುತ್ತದೆಯೇ? ಅಂಗಡಿಯಲ್ಲೇ ತಮ್ಮ ಕ್ಯಾಮೆರಾಕ್ಕೆ ಹಾಕಿ ನಾಲ್ಕು ಚಿತ್ರ ತೆಗೆದು ನೋಡುವುದು ಒಳ್ಳೆಯದು. ಈ ಪರೀಕ್ಷೆಯಲ್ಲಿ ಗೆದ್ದ ಲೆನ್ಸ್ ಯಾವ ಕಂಪನಿಯದಾದರೂ ಕೊಟ್ಟ ಹಣಕ್ಕೆ ಮೋಸವಿಲ್ಲ.