ಗೇಟಿನ ಅಂಕಿಯೂ ತಿರುವಿನ ಗಣಿತವೂ

ನಗರದ ನಟ್ಟನಡುವೆ ಹರಡಿಕೊಂಡಿರುವ ಬೆಂಗಳೂರು ಟರ್ಫ್ ಕ್ಲಬ್ಬಿನ ಮೈದಾನಕ್ಕೆ ರೇಸಿನ ದಿನ ಬಂದು ನೆರೆಯುವವರ ಕೈಯ ಪುಸ್ತಕದಲ್ಲಿ, ಕುದುರೆಯ ಹೆಸರು, ಅದು ಹೊರುವ ತೂಕ, ಜಾಕಿಯ ಹೆಸರು ಇವುಗಳ ಬದಿಯಲ್ಲಿ ಇನ್ನೊಂದು ಪುಟ್ಟ ಅಂಕಿಯೂ ಅಚ್ಚಾಗಿರುತ್ತದೆ. ಚೀಟಿಯೆತ್ತಿದಂತೆ ಅದೃಷ್ಟದಿಂದ ನಿರ್ಣಯವಾಗುವ ಗೇಟಿನ ಸಂಖ್ಯೆ ಅದು. ಒಂದನೆಯ ಗೇಟು ಒಳಬೇಲಿಗೆ ಅತಿ ಸಮೀಪ. ಅಂಕಿ ಏರಿದಂತೆಲ್ಲ ಕುದುರೆ ಹೊರಹೊರಗೆ ಸರಿಯುತ್ತದೆ. ಈ ಅಂಕಿಯಿಂದ ಒದಗುವ ಲಾಭನಷ್ಟಗಳು ಎಷ್ಟರಮಟ್ಟಿಗೆ ನಿಜವೆಂಬುದನ್ನು ಶಾಲೆಯ ರೇಖಾಗಣಿತದಿಂದಲೇ ಅಳೆದು ನೋಡಬಹುದು.

ಅರ್ಧವೃತ್ತದ ಉದ್ದ ತ್ರಿಜ್ಯದ 3.14 ಪಟ್ಟು. ಆದುದರಿಂದ ಅರ್ಧವೃತ್ತದ ತಿರುವಿನಲ್ಲಿ ಬೇಲಿಯ ಪಕ್ಕದ ಕುದುರೆಗಿಂತ ಎರಡು ಮೀಟರು ಹೊರಗೆ ಓಡುವ ಕುದುರೆ 6.3 ಮೀಟರು ಹೆಚ್ಚು ನೆಲವನ್ನು ಕ್ರಮಿಸಬೇಕಾಗುತ್ತದೆ. ಕುದುರೆಯ ಉದ್ದ ಸುಮಾರು 2.4 ಮೀಟರು; ಎಂದರೆ ನಷ್ಟ ಎರಡೂವರೆ ಲೆಂಗ್ತು. ಸೆಕೆಂಡಿಗೆ 16 ಮೀಟರು ವೇಗದಲ್ಲಿ ಇದು 0.4 ಸೆಕೆಂಡಿಗೆ ಸಮ. ಮೂಗಿನಳತೆಯಲ್ಲಿ ಗೆಲವು ತೀರ್ಮಾನವಾಗುವ ಆಟದಲ್ಲಿ ಇದು ಅಲ್ಪವಲ್ಲ.

ಹಾಗಾದರೆ ಹೊರಗೇಟಿನ ಕುದುರೆ ತಿರುವಿಗೆ ಮೊದಲೇ ಒಳಕ್ಕೆ ಸರಿಯಬಾರದೇಕೆ? ಹದಿನೈದು ಮೀಟರು ಹೊರಗೆ ನಿಂತ ಕುದುರೆಗೆ ಮುಂದೆ 300 ಮೀಟರು ನೇರ ಹಾದಿಯಿದ್ದು, ಅಷ್ಟರಲ್ಲಿ ಅದು ಓರೆಯಾಗಿ ಬೇಲಿಯನ್ನು ಸೇರುವುದಾದರೆ, ಪೈಥಾಗೊರಸನ ಪ್ರಮೇಯದಂತೆ ಅಧಿಕವಾಗುವ ದೂರ 40 ಸೆಂಟಿಮೀಟರು ಕೂಡ ಆಗದು. ತಿರುವು 60 ಮೀಟರಿನಲ್ಲೇ ಎದುರಾದರೆ ಅದೇ ನಷ್ಟ ಎರಡು ಮೀಟರಿಗೆ ಸಮೀಪಿಸುತ್ತದೆ. ಇದಕ್ಕಿಂತ ದೊಡ್ಡ ಅಡ್ಡಿ ನಿಯಮದ್ದು: ಇತರ ಕುದುರೆಗಳ ಓಟಕ್ಕೆ ತಡೆಯಾಗುವಂತೆ ಅಡ್ಡಹಾಯುವುದು ಅಪರಾಧವಾದುದರಿಂದ, ಜಾಕಿ ಮೊದಲು ಸಾಕಷ್ಟು ಮುಂದಾಗಿ ಆಮೇಲೆ ಒಳಸೇರಬೇಕು, ಆ ವೇಗಕ್ಕಾಗಿ ಮೊದಲಲ್ಲೇ ಕರಗಿದ ಶಕ್ತಿ ಕೊನೆಯ ನೇರದಲ್ಲಿ ಒದಗಿಬಾರದು.

ಜಾಕಿಯ ತಂತ್ರ ಹುಟ್ಟುವುದು ಇಲ್ಲಿಯೇ. ಹೊರಗೇಟಿನವನ ಮುಂದೆ ಎರಡು ದಾರಿಗಳಿವೆ: ಶಕ್ತಿಯನ್ನು ವ್ಯಯಿಸಿ ಮುಂದೆ ನುಗ್ಗುವುದು, ಇಲ್ಲವೆ ಉದ್ದೇಶಪೂರ್ವಕವಾಗಿ ಹಿಂದುಳಿದು ಗುಂಪಿನ ಬೆನ್ನಿಗೆ ಬಂದು ಬೇಲಿಯನ್ನು ಸೇರುವುದು. ಎರಡನೆಯದರಲ್ಲಿ ಮುಂದಿನ ಕುದುರೆಗಳು ಗಾಳಿಯ ಪ್ರತಿರೋಧವನ್ನು ತಗ್ಗಿಸಿಕೊಡುವ ಲಾಭವುಂಟು. ಒಳಗೇಟಿನವನಿಗೆ ಹಾದಿ ಹ್ರಸ್ವವಾದರೂ ನಿಶ್ಚಿಂತೆಯಿಲ್ಲ. ಚುರುಕಾಗಿ ಹೊರಡದಿದ್ದರೆ ಹೊರಗಿನವರು ಮುಂದೆ ಬಂದು ಮುಚ್ಚಿಬಿಡುವರು, ಬಲವಿದ್ದೂ ನುಗ್ಗಲು ಸಂದು ಸಿಗದಂತಾಗುವುದು. ಬೆಂಗಳೂರಿನ ಬೇಸಿಗೆ ಋತುವಿನ ಪಂದ್ಯಗಳು ಮುಂಗಾರಿನೊಳಕ್ಕೆ ಚಾಚಿಕೊಳ್ಳುವುದರಿಂದ, ಗೊರಸುಗಳು ಮತ್ತೆ ಮತ್ತೆ ತುಳಿದು ಒಳಪಟ್ಟಿಯ ನೆಲ ಸಡಿಲಗೊಂಡಿದ್ದರೆ, ಹತ್ತಿರದ ದಾರಿಯನ್ನು ಬಿಟ್ಟು ಗಟ್ಟಿ ನೆಲವನ್ನು ಅರಸುವುದೇ ವಿವೇಕವಾಗುವುದುಂಟು.

ಇಪ್ಪತ್ತು ಕುದುರೆಗಳವರೆಗೆ ಓಡುವ ಅಮೆರಿಕದ ಕೆಂಟಕಿ ಡರ್ಬಿಯಲ್ಲಿ ಈ ಕುತೂಹಲ ಇನ್ನೂ ಹೆಚ್ಚು. ಅಲ್ಲಿ 2025ರವರೆಗೆ 17ನೆಯ ಗೇಟಿನಿಂದ ಒಂದು ಕುದುರೆಯೂ ಗೆದ್ದಿಲ್ಲವೆಂಬುದನ್ನು ಅನೇಕರು ಶಾಪವೆಂಬಂತೆ ಹೇಳುತ್ತಾರೆ. ಆದರೆ 2011ರಲ್ಲಿ ಅನಿಮಲ್ ಕಿಂಗ್‌ಡಮ್ 16ರಿಂದ, 2025ರಲ್ಲಿ ಸಾವರಿನ್‌ಟಿ 18ರಿಂದ ಗೆದ್ದಿವೆ; 2008ರಲ್ಲಿ ಬಿಗ್ ಬ್ರೌನ್, 2022ರಲ್ಲಿ ರಿಚ್ ಸ್ಟ್ರೈಕ್ ಕಟ್ಟಕಡೆಯ 20ನೆಯ ಗೇಟಿನಿಂದಲೇ ಗೆದ್ದವು. ನೆರೆಯ ಗೇಟುಗಳ ನಡುವಣ ಅಂತರ ಒಂದು ಮೀಟರಿನ ಆಸುಪಾಸು. ಅಷ್ಟರಲ್ಲಿ ಭೌತನಿಯಮಗಳು ಬದಲಾಗವು. ವರ್ಷಕ್ಕೊಮ್ಮೆ ನಡೆಯುವ, ಅದರಲ್ಲೂ ಅನೇಕ ವರ್ಷ ಹದಿನೇಳು ಕುದುರೆಗಳೇ ಇಲ್ಲದ ಓಟದಲ್ಲಿ, ಇಂಥ ಶೂನ್ಯ ಆಕಸ್ಮಿಕವಾಗಿಯೂ ಉಳಿಯಬಲ್ಲುದು.

ಆದಕಾರಣ ಗೇಟಿನ ಅಂಕಿಯಲ್ಲಿ ಶುಭಾಶುಭಗಳನ್ನು ಹುಡುಕುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು: ಮೊದಲ ತಿರುವು ಎಷ್ಟು ದೂರ, ಒಟ್ಟು ಕುದುರೆಗಳೆಷ್ಟು, ಈ ಕುದುರೆಯ ಓಟದ ಸ್ವಭಾವವೇನು. ಇವಕ್ಕೆ ಉತ್ತರವಿಲ್ಲದೆ ಆ ಅಂಕಿ ಏನನ್ನೂ ಹೇಳಲಾರದು.